ಹೊಳೆ ಬಂದಿರಲಿಲ್ಲ, ಆದರೂ 'ಸ್ಥಳಾಂತರ'

ಪ್ರಶ್ನೆ: ಅಕ್ಕಾವ್ರೇ, ನಮಸ್ಕಾರ. ನಾನು ಗದುಗಿನ ಒಂದು ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಕಲಿಸುತ್ತೇನೆ. ನನ್ನ ತಂಗಿಯ ಮಗ ಅಮೆರಿಕದ ಸಿಯಾಟಲ್‌ನಲ್ಲಿದ್ದಾನೆ. ಅಲ್ಲಿಯ 1942ರ ಹಳೇ ಪತ್ರಿಕೆಗಳ ಒಂದಷ್ಟು ಫೋಟೊ ಕಳಿಸಿದ್ದ. ಎಲ್ಲ ಸುದ್ದಿಯಲ್ಲೂ 'ಇವ್ಯಾಕ್ಯುವೇಷನ್' ಅನ್ನುವ ಪದ. ನಿಘಂಟು ತೆಗೆದರೆ 'ಸ್ಥಳಾಂತರ, ತೆರವು' ಅಂತ ಇದೆ. ನಾನು ಬೋರ್ಡಿನ ಮೇಲೆ 'ಯುದ್ಧದ ಕಾಲದಲ್ಲಿ ಅಮೆರಿಕದಲ್ಲಿದ್ದ ಜಪಾನಿ ಮೂಲದವರ ಸ್ಥಳಾಂತರವಾಯಿತು' ಎಂದು ಬರೆದೆ. ಹಾಸ್ಟೆಲಿನಲ್ಲಿದ್ದು ಓದುವ ಒಬ್ಬ ಹುಡುಗಿ ಎದ್ದು ನಿಂತು, 'ಅಲ್ಲಿ ಹೊಳಿ ಬಂದಿತ್ತೇನ್ರೀ ಟೀಚರ್?' ಎಂದು ಕೇಳಿದಳು. ಅವಳ ಊರು ಕೊಣ್ಣೂರು. ನನಗೆ ತಕ್ಷಣ ಉತ್ತರ ತೋಚಲಿಲ್ಲ. ನಾನು ಬರೆದದ್ದು ಸರಿಯೇ?
— ಒಬ್ಬ ಶಿಕ್ಷಕಿ, ಗದಗ

ಉತ್ತರ: ಟೀಚರ್, ಮೊದಲು ಆ ಹುಡುಗಿಗೆ ನನ್ನ ಕಡೆಯಿಂದ ಶಾಬಾಸ್ ಹೇಳಿ. ಅಲ್ಲಿ ಹೊಳೆ ಬಂದಿರಲಿಲ್ಲ. ಬೆಂಕಿ ಬಿದ್ದಿರಲಿಲ್ಲ, ಭೂಮಿ ನಡುಗಿರಲಿಲ್ಲ. ನೀವು ಬೋರ್ಡಿನ ಮೇಲೆ ಬರೆದದ್ದು ನಿಘಂಟಿನ ಲೆಕ್ಕದಲ್ಲಿ ಸರಿ. ಆದರೂ ಅದನ್ನು ಅಳಿಸಿ ಬೇರೆ ಬರೆಯಬೇಕು ಅಂತ ನನ್ನ ಅಭಿಪ್ರಾಯ. ಯಾಕೆ ಅಂತ ಸ್ವಲ್ಪ ಉದ್ದವಾಗಿಯೇ ಹೇಳುತ್ತೇನೆ.

ಕೊಣ್ಣೂರಿನ ಮಕ್ಕಳಿಗೆ 'ಸ್ಥಳಾಂತರ' ಏನು ಅಂತ ನಿಘಂಟು ನೋಡಿ ತಿಳಿಯಬೇಕಿಲ್ಲ. 2019ರ ಆಗಸ್ಟ್‌ನಲ್ಲಿ ಮಲಪ್ರಭೆ ಉಕ್ಕಿ ನರಗುಂದ ತಾಲ್ಲೂಕಿನ ಕೊಣ್ಣೂರು, ರೋಣ ತಾಲ್ಲೂಕಿನ ಹೊಳೆಆಲೂರು ಕಡೆಯೆಲ್ಲ ನೀರು ನುಗ್ಗಿತು. ಜನ ಮನೆ ಬಿಟ್ಟು ಎತ್ತರದ ಜಾಗ ಸೇರಿದರು, ಗಂಜಿ ಕೇಂದ್ರಗಳಲ್ಲಿ ಉಂಡರು, ನೀರು ಇಳಿದ ಮೇಲೆ ಕೆಸರು ಬಳಿಯಲು ವಾಪಸ್ ಹೋದರು. ಸ್ಥಳಾಂತರ ಅಂದ ಕೂಡಲೇ ಇಷ್ಟೂ ನಮ್ಮ ಮನಸ್ಸಿಗೆ ಬರುತ್ತದೆ. ಹಿಂದೆ ಅಪಾಯ, ಮುಂದೆ ಚಾಚಿದ ಕೈ, ನಾಳೆ ಮನೆಗೆ ಮರಳುವ ಭರವಸೆ. ಅದಕ್ಕೇ ಆ ಹುಡುಗಿ ಹೊಳೆಯನ್ನು ಹುಡುಕಿದಳು.

1942ರಲ್ಲಿ ಅಮೆರಿಕದ ಓದುಗರಿಗೂ ಈ ಇಂಗ್ಲಿಷ್ ಪದ ಹಾಗೇ ಕೇಳಿಸುತ್ತಿತ್ತು. ಎರಡು ವರ್ಷ ಅವರು ಅದನ್ನು ಇಂಗ್ಲೆಂಡಿನ ಸುದ್ದಿಗಳಲ್ಲಿ ಓದಿದ್ದರು. 1939ರ ಸೆಪ್ಟೆಂಬರ್ ಮೊದಲ ದಿನಗಳಲ್ಲಿ, ಬಾಂಬ್ ಬೀಳುತ್ತದೆ ಎಂಬ ಭಯಕ್ಕೆ, ಲಂಡನ್ ಮುಂತಾದ ಊರುಗಳಿಂದ ಸುಮಾರು 15 ಲಕ್ಷ ಜನರನ್ನು ಹಳ್ಳಿಗಳಿಗೆ ಕಳಿಸಲಾಯಿತು. ಜಾಸ್ತಿ ಮಂದಿ ಶಾಲೆಯ ಮಕ್ಕಳು. ದಾರಿಯಲ್ಲಿ ಕಳೆದುಹೋಗದಿರಲಿ ಅಂತ ಮಕ್ಕಳ ಕೋಟಿಗೆ ಹೆಸರಿನ ಚೀಟಿ ಕಟ್ಟಿದ್ದರು. ಮರುವರ್ಷ ಫ್ರಾನ್ಸಿನ ಡಂಕರ್ಕ್ ಕಡಲದಂಡೆಯಿಂದ 3 ಲಕ್ಷಕ್ಕೂ ಜಾಸ್ತಿ ಸೈನಿಕರನ್ನು ಹಡಗು, ದೋಣಿಗಳಲ್ಲಿ ದಾಟಿಸಿದರು. ಎರಡಕ್ಕೂ ಪತ್ರಿಕೆಗಳು ಬಳಸಿದ್ದು ಇದೇ ಪದ. ಅದು ಜೀವ ಉಳಿಸುವ ಪದ.

ಈಗ ಅಮೆರಿಕಕ್ಕೆ ಬನ್ನಿ. 1941ರ ಡಿಸೆಂಬರ್ 7ರಂದು ಜಪಾನ್ ಅಮೆರಿಕದ ನೌಕಾನೆಲೆ ಪರ್ಲ್ ಹಾರ್ಬರ್ ಮೇಲೆ ದಾಳಿ ಮಾಡಿತು. 1942ರ ಫೆಬ್ರವರಿ 19ರಂದು ಅಧ್ಯಕ್ಷ ರೂಸ್‌ವೆಲ್ಟ್ 9066ನೇ ಆದೇಶಕ್ಕೆ ಸಹಿ ಹಾಕಿದರು. ಸೇನೆ ಗುರುತಿಸಿದ ಪ್ರದೇಶದಿಂದ ಯಾರನ್ನು ಬೇಕಾದರೂ ಹೊರಗಿಡುವ ಅಧಿಕಾರ ಅದರಿಂದ ಸೇನೆಗೆ ಸಿಕ್ಕಿತು. ಅದರಲ್ಲಿ 'ಜಪಾನಿ' ಅನ್ನುವ ಪದವೇ ಇಲ್ಲ. ಆದರೆ ಪಶ್ಚಿಮ ಕರಾವಳಿಯಲ್ಲಿ ಮನೆಮಂದಿ ಸಮೇತ ಎಬ್ಬಿಸಿದ್ದು ಜಪಾನಿ ಮೂಲದವರನ್ನು ಮಾತ್ರ. ಒಟ್ಟು ಸುಮಾರು 1,20,000 ಜನ. ಅವರಲ್ಲಿ ಮೂರರಲ್ಲಿ ಎರಡು ಪಾಲು ಅಮೆರಿಕದಲ್ಲೇ ಹುಟ್ಟಿದ ಅಮೆರಿಕದ ಪ್ರಜೆಗಳು.

ಶುರುವಾದದ್ದು ನಿಮ್ಮ ತಂಗಿಯ ಮಗ ಇರುವ ಸಿಯಾಟಲ್‌ನ ಎದುರಿಗೇ ಇರುವ ಬೇನ್‌ಬ್ರಿಡ್ಜ್ ದ್ವೀಪದಲ್ಲಿ. ಅಲ್ಲಿಯ ಜಪಾನಿ ಕುಟುಂಬಗಳು ಸ್ಟ್ರಾಬೆರಿ ಬೆಳೆಯುತ್ತಿದ್ದವು. ಮಾರ್ಚ್ 24ಕ್ಕೆ ಮೊದಲ ಆದೇಶ ಹೊರಬಿತ್ತು. ಆರು ದಿನದ ಗಡುವು. ಮಾರ್ಚ್ 30ರಂದು 227 ಜನರನ್ನು ಬಂದೂಕು ಹಿಡಿದ ಸೈನಿಕರು ಹಡಗುಕಟ್ಟೆಗೆ ಕರೆತಂದರು. ದೋಣಿಯಲ್ಲಿ ಸಿಯಾಟಲ್, ಅಲ್ಲಿಂದ ರೈಲಿನಲ್ಲಿ ಕ್ಯಾಲಿಫೋರ್ನಿಯಾದ ಮರುಭೂಮಿಯ ಮ್ಯಾಂಜನಾರ್ ಶಿಬಿರ. ಕೈಯಲ್ಲಿ ಹಿಡಿಯುವಷ್ಟು ಸಾಮಾನು ಮಾತ್ರ.

ಆ ದಿನದ ಒಂದು ಪತ್ರಿಕಾ ಫೋಟೊ ಬಹಳ ಹೆಸರಾಗಿದೆ. ಫುಮಿಕೊ ಹಯಾಶಿದಾ ಎಂಬ ತಾಯಿ ನಿದ್ದೆಹೋದ ಮಗಳನ್ನು ಹೆಗಲಿಗೆ ಒರಗಿಸಿಕೊಂಡು ನಿಂತಿದ್ದಾರೆ. ಮದುವೆಗೆ ಹೊರಟವರ ಹಾಗೆ ಒಳ್ಳೆಯ ಕೋಟು, ಹ್ಯಾಟು. ಕೋಟಿನ ಮೇಲೆ ಒಂದು ಚೀಟಿ ನೇತಾಡುತ್ತಿದೆ. ಲಂಡನ್ನಿನ ಮಕ್ಕಳ ಕೋಟಿನ ಮೇಲೆ ಇದ್ದಂಥದ್ದೇ ಚೀಟಿ. ಪತ್ರಿಕೆಯ ಪದವೂ ಅದೇ. ಆದರೆ ಅಲ್ಲಿ ಮಗು ಕಳೆದುಹೋಗದಿರಲಿ ಅಂತ ಕಟ್ಟಿದ್ದರು. ಇಲ್ಲಿ ಕುಟುಂಬಕ್ಕೊಂದು ನಂಬರ್ ಕೊಟ್ಟು ಎಣಿಸಲು ಕಟ್ಟಿದ್ದರು. ಆ ಫೋಟೊವನ್ನು ನಾನು ಎಷ್ಟು ಸಲ ನೋಡಿದ್ದೇನೋ. ಕಣ್ಣು ಮೊದಲು ಆ ಚೀಟಿಗೇ ಹೋಗುತ್ತದೆ.

ಆಮೇಲೆ ಗೋಡೆಗೋಡೆಗೆ ಅಂಟಿಸಿದ ಆದೇಶಗಳಲ್ಲಿ ಇನ್ನೊಂದು ಪದ ಇದೆ, ಅದನ್ನು ನೀವು ಮಕ್ಕಳಿಗೆ ಖಂಡಿತ ತೋರಿಸಬೇಕು. 'ಜಪಾನಿ ಮೂಲದ ಎಲ್ಲರೂ, ಏಲಿಯನ್ ಇರಲಿ, ನಾನ್-ಏಲಿಯನ್ ಇರಲಿ' ಹೊರಡಬೇಕು ಎಂದು ಅಲ್ಲಿ ಬರೆದಿತ್ತು. ಏಲಿಯನ್ ಅಂದರೆ ಪರದೇಶಿ. ನಾನ್-ಏಲಿಯನ್ ಅಂದರೆ? ಪರದೇಶಿ ಅಲ್ಲದವರು. ಅಂದರೆ ನಮ್ಮದೇ ಪ್ರಜೆ! 'ಪ್ರಜೆ' ಅನ್ನುವ ಸೀದಾ ಪದ ಕೈಯಲ್ಲೇ ಇತ್ತು. ಅದನ್ನು ಬರೆದಿದ್ದರೆ ಓದಿದವರು ನಿಂತು ಕೇಳುತ್ತಿದ್ದರು, ನಮ್ಮ ಪ್ರಜೆಯನ್ನು ಅವನ ಮನೆಯಿಂದ ಯಾಕೆ ಹೊರಗೆ ಹಾಕುತ್ತೀರಿ ಅಂತ. ಅದೇ ಪ್ರಕಟಣೆಯಲ್ಲಿ ಹಾಸಿಗೆ ಬಟ್ಟೆ ತನ್ನಿ, ಗಾದಿ ಬೇಡ, ತಟ್ಟೆ ಚಮಚ ತನ್ನಿ, ಸಾಕುಪ್ರಾಣಿ ತರಬೇಡಿ ಎಂದೆಲ್ಲ ಇತ್ತು. ಅಂದಹಾಗೆ, ಇವರಲ್ಲಿ ಹಿರಿಯರು ಪರದೇಶಿಗಳಾಗಿ ಉಳಿದದ್ದೂ ತಮ್ಮ ಇಷ್ಟದಿಂದ ಅಲ್ಲ. ಜಪಾನಿನಿಂದ ಬಂದವರಿಗೆ ಪೌರತ್ವ ಕೊಡಲು ಅಲ್ಲಿಯ ಕಾನೂನು 1952ರವರೆಗೆ ಒಪ್ಪಿರಲಿಲ್ಲ.

ಎಲ್ಲಿಗೆ ಒಯ್ದರು? ಮೊದಲು 'ಅಸೆಂಬ್ಲಿ ಸೆಂಟರ್'. ಅಂದರೆ ಸೇರುವ ಜಾಗ. ಕ್ಯಾಲಿಫೋರ್ನಿಯಾದಲ್ಲಿ ಸಾಂತಾ ಅನಿತಾ, ಟ್ಯಾನ್‌ಫೊರಾನ್ ಎಂಬ ಎರಡು ಕುದುರೆ ಜೂಜಿನ ಮೈದಾನಗಳು ಹೀಗೆ 'ಸೇರುವ ಜಾಗ'ವಾದವು. ಎಷ್ಟೋ ಕುಟುಂಬಗಳು ಕುದುರೆ ಲಾಯದಲ್ಲಿ ಮಲಗಿದವು. ಸಿಯಾಟಲ್ ಕಡೆಯವರನ್ನು ಪುಯಾಲಪ್ ಎಂಬ ಊರಿನ ಜಾತ್ರೆ ಮೈದಾನದಲ್ಲಿ ಮುಳ್ಳುತಂತಿಯ ಒಳಗೆ ಇಟ್ಟರು. ಆ ಶಿಬಿರದ ಹೆಸರು 'ಕ್ಯಾಂಪ್ ಹಾರ್ಮನಿ', ಸಾಮರಸ್ಯದ ಶಿಬಿರ. ಅಲ್ಲಿಂದ ಮುಂದೆ ದೂರದ ಹತ್ತು ದೊಡ್ಡ ಶಿಬಿರಗಳು. ಅವುಗಳ ಸರ್ಕಾರಿ ಹೆಸರು 'ರಿಲೊಕೇಷನ್ ಸೆಂಟರ್', ಅಂದರೆ ನೆಲೆ ಬದಲಿಸುವ ಕೇಂದ್ರ. ಸುತ್ತ ತಂತಿಬೇಲಿ, ಕಾವಲು ಗೋಪುರ.

ಪತ್ರಿಕೆಗಳು ಏನು ಮಾಡಿದವು ಅನ್ನುವುದು ನಿಮ್ಮ ಪ್ರಶ್ನೆಯ ತಿರುಳು. 1942ರ ಫೆಬ್ರವರಿಯಲ್ಲಿ ಸ್ಯಾನ್ ಫ್ರಾನ್ಸಿಸ್ಕೊ ಎಕ್ಸಾಮಿನರ್ ಪತ್ರಿಕೆಯ ಒಂದು ತಲೆಬರಹ, ಕ್ಯಾಲಿಫೋರ್ನಿಯಾದಿಂದ ಎಲ್ಲ ಜ್ಯಾಪ್‌ಗಳನ್ನು ಹೊರಗಟ್ಟುವ ದಿನ ಹತ್ತಿರ ಬಂತು ಎಂದು ಸಾರಿತ್ತು. 'ಜ್ಯಾಪ್' ಅನ್ನುವುದು ತುಚ್ಛವಾಗಿ ಕರೆಯುವ ಪದ. ಇಂಗ್ಲಿಷಿನಲ್ಲಿ ಮೂರೇ ಅಕ್ಷರ, ತಲೆಬರಹಕ್ಕೆ ಸಲೀಸು. ಪೆಸಿಫಿಕ್ ಸಾಗರದಲ್ಲಿ ಗುಂಡು ಹಾರಿಸುವ ಶತ್ರುವಿಗೂ ಅದೇ ಪದ, ಪಕ್ಕದ ಬೀದಿಯಲ್ಲಿ ತರಕಾರಿ ಮಾರುವವನಿಗೂ ಅದೇ ಪದ. ಆ ತಲೆಬರಹ ಕ್ರೂರವಾಗಿತ್ತು, ಆದರೆ 'ಹೊರಗಟ್ಟುವುದು' ಎಂದು ಇದ್ದದ್ದನ್ನು ಇದ್ದ ಹಾಗೆ ಹೇಳಿತ್ತು. ಆದೇಶಗಳು ಬರತೊಡಗಿದ ಮೇಲೆ ಸರ್ಕಾರದ ಪ್ರಕಟಣೆಯ 'ಇವ್ಯಾಕ್ಯುವೇಷನ್' ವರದಿಗಳ ತುಂಬ ಹರಡಿತು. ಮನೆ ಕಳೆದುಕೊಂಡವರು 'ಇವ್ಯಾಕ್ಯುಯಿ' ಆದರು. ಒಳ್ಳೆಯವರೂ ಆ ಪದವನ್ನು ಒಳ್ಳೆಯ ಮನಸ್ಸಿನಿಂದಲೇ ಬಳಸಿದರು. ನನಗೆ ಭಯ ಆಗುವುದು ಇಲ್ಲೇ. ಬೈಗುಳ ಕೇಳಿದರೆ ಬೈಗುಳ ಅಂತ ಗೊತ್ತಾಗುತ್ತದೆ. ದಯೆಯ ಪದ ಕೇಳಿದರೆ ಯಾರೂ ಎರಡನೇ ಸಲ ಕೇಳುವುದಿಲ್ಲ, 'ಯಾವ ಅಪಾಯದಿಂದ ಪಾರು ಮಾಡಿದಿರಿ?' ಅಂತ.

ಇದು ನನಗೆ ಹೇಗೆ ಗೊತ್ತು ಅಂದರೆ, ನಾನೂ ಅದನ್ನೇ ಮಾಡಿದ್ದೇನೆ. ತೊಂಬತ್ತರ ದಶಕದ ಆರಂಭ. ಹುಬ್ಬಳ್ಳಿಯ ಒಂದು ದಿನಪತ್ರಿಕೆಯ ಡೆಸ್ಕಿನಲ್ಲಿ ನಾನೊಬ್ಬಳೇ ಹೆಣ್ಣುಮಗಳು. ರಸ್ತೆ ಅಗಲ ಮಾಡಲು ಊರ ಅಂಚಿನ ಮೂವತ್ತು ಗುಡಿಸಲುಗಳನ್ನು ಕಿತ್ತಿದ್ದರು. ನಮ್ಮ ವರದಿಗಾರ 'ಗುಡಿಸಲು ಕೆಡವಿದರು' ಎಂದೇ ಬರೆದಿದ್ದ. ಅಧಿಕಾರಿಗಳ ಪ್ರೆಸ್ ನೋಟಿನಲ್ಲಿ 'ಕುಟುಂಬಗಳ ಸ್ಥಳಾಂತರ' ಎಂದಿತ್ತು. ಪುಟ ಬಿಡುವ ಹೊತ್ತು. ಒಂದು ಕಾಲಮ್ಮಿನ ಸುದ್ದಿ. ನಾನು ನೋಟಿನ ಪದವನ್ನೇ ತಲೆಬರಹಕ್ಕೆ ಎತ್ತಿಕೊಂಡೆ. ಅಚ್ಚುಕಟ್ಟಾಗಿ ಕೂತಿತು. ಮರುದಿನ ಮಧ್ಯಾಹ್ನ ಒಬ್ಬ ಮುದುಕಿ ಮೊಮ್ಮಗನ ಕೈ ಹಿಡಿದು ಆಫೀಸಿಗೆ ಬಂದಳು. ಹುಡುಗ ಪೇಪರ್ ಓದಿ ಹೇಳಿದ್ದನಂತೆ. ಆಕೆ ಜಗಳ ಆಡಲಿಲ್ಲ. 'ಯವ್ವಾ, ನಮ್ಮನ್ನ ಬ್ಯಾರೆ ಜಾಗಾಕ್ಕ ಕಳಸ್ಯಾರ ಅಂತ ಬರದೀರಂತ. ಎಲ್ಲಿ ಐತಿ ಆ ಜಾಗ? ತೋರಸ್ರಿ, ಹೋಗಿ ಇರ್ತೀವಿ' ಅಂದಳು. ಆಕೆ ನಿಜವಾಗಿಯೂ ವಿಳಾಸ ಕೇಳಲು ಬಂದಿದ್ದಳು. ಸ್ಥಳಾಂತರ ಅಂದಮೇಲೆ ಇನ್ನೊಂದು ಸ್ಥಳ ಇರಬೇಕಲ್ವಾ? ಇರಲಿಲ್ಲ. ಆ ಸ್ಥಳವನ್ನು ಸೃಷ್ಟಿಸಿದ್ದು ನನ್ನ ತಲೆಬರಹ. ಮರುದಿನ ತಿದ್ದುಪಡಿ ಹಾಕಿದೆವು. ಆ ರಾತ್ರಿಯಿಂದ ನಿವೃತ್ತಿಯಾಗುವ ದಿನದವರೆಗೆ ಪ್ರೆಸ್ ನೋಟಿನ ಕ್ರಿಯಾಪದವನ್ನು ನಾನು ಹಾಗೇ ಎತ್ತಿಕೊಂಡಿಲ್ಲ.

ಹಾಗಾದರೆ ಬೋರ್ಡಿನ ಮೇಲೆ ಏನು ಬರೆಯಬೇಕು? ನಮ್ಮ ಭಾಷೆಯಲ್ಲಿ ಇದಕ್ಕೆ ಗಟ್ಟಿಯಾದ ಪದ ಇದೆ, 'ಒಕ್ಕಲೆಬ್ಬಿಸು'. ಒಕ್ಕಲು ಅಂದರೆ ನೆಲೆ ನಿಂತ ಮನೆತನ, ಉಳುವ ಕುಟುಂಬ. ಅದನ್ನು ಎಬ್ಬಿಸುವುದು. ಬೇನ್‌ಬ್ರಿಡ್ಜ್‌ನ ಸ್ಟ್ರಾಬೆರಿ ರೈತರಿಗೆ ಇದಕ್ಕಿಂತ ಸರಿಯಾದ ಪದ ಇಂಗ್ಲಿಷಿನಲ್ಲೂ ಇಲ್ಲ ಅನ್ನಿಸುತ್ತದೆ. ಇನ್ನೊಂದು ಲಾಭ ಇದೆ. 'ಸ್ಥಳಾಂತರವಾಯಿತು' ಅಂತ ಬರೆದರೆ ಯಾರು ಮಾಡಿದರು ಅಂತ ಹೇಳದೆ ವಾಕ್ಯ ಮುಗಿಸಬಹುದು. 'ಒಕ್ಕಲೆಬ್ಬಿಸಿದರು' ಅಂದರೆ ಎಬ್ಬಿಸಿದವರು ಯಾರು ಅಂತ ಹೇಳಲೇಬೇಕಾಗುತ್ತದೆ. ನಾನಾದರೆ ಹೀಗೆ ಬರೆಯುತ್ತೇನೆ: '1942ರಲ್ಲಿ ಅಮೆರಿಕ ಸರ್ಕಾರ ಜಪಾನಿ ಮೂಲದ 1,20,000 ಜನರನ್ನು ಒಕ್ಕಲೆಬ್ಬಿಸಿ, ತಪ್ಪು ಸಾಬೀತಾಗದೆ, ವಿಚಾರಣೆ ಇಲ್ಲದೆ ಶಿಬಿರಗಳಲ್ಲಿ ಕೂಡಿಹಾಕಿತು. ಪತ್ರಿಕೆಗಳು ಇದನ್ನು ಸ್ಥಳಾಂತರ ಎಂದು ಕರೆದವು.' ಎರಡನೇ ವಾಕ್ಯ ಬಿಡಬೇಡಿ. ಆ ಪದವೂ ಇತಿಹಾಸದ ಒಂದು ಭಾಗ.

ಈ ಪ್ರಶ್ನೆಯನ್ನು ಕಳೆದ ಸಂಚಿಕೆಯಲ್ಲಿ ಅಚ್ಚು ಹಾಕಿ, ಉತ್ತರ ಮುಂದಿನ ಸಲ ಎಂದಿದ್ದೆ. ಅಷ್ಟರಲ್ಲಿ ಇದರ ಬಗ್ಗೆಯೇ ಇನ್ನೂ ಮೂರು ಪತ್ರ ಬಂದವು.

ಪ್ರಶ್ನೆ: ಆಗಿನ ಅಮೆರಿಕದ ಪತ್ರಕರ್ತರಲ್ಲಿ ಒಬ್ಬರಾದರೂ ಇದು ತಪ್ಪು ಎನ್ನಲಿಲ್ಲವೇ?
— ನಿವೃತ್ತ ಅಂಚೆ ನೌಕರರು, ಹಾವೇರಿ

ಉತ್ತರ: ಅಂದವರಿದ್ದರು ಕಾಕಾ. ಅದೇ ಬೇನ್‌ಬ್ರಿಡ್ಜ್ ದ್ವೀಪದಲ್ಲಿ 'ಬೇನ್‌ಬ್ರಿಡ್ಜ್ ರಿವ್ಯೂ' ಎಂಬ ಸಣ್ಣ ವಾರಪತ್ರಿಕೆ ಇತ್ತು. ವಾಲ್ಟ್ ಮತ್ತು ಮಿಲಿ ವುಡ್‌ವರ್ಡ್ ಎಂಬ ಗಂಡ ಹೆಂಡತಿ ಅದನ್ನು ನಡೆಸುತ್ತಿದ್ದರು. ಪರ್ಲ್ ಹಾರ್ಬರ್ ದಾಳಿಯಾದ ಮರುದಿನವೇ ವಿಶೇಷ ಸಂಚಿಕೆ ತಂದು, ನೆರೆಹೊರೆಯ ಜಪಾನಿ ಕುಟುಂಬಗಳ ಪರವಾಗಿ ಮಾತಾಡಿದರು. ಆಮೇಲೆ ಒಕ್ಕಲೆಬ್ಬಿಸಿದ್ದನ್ನು ಸಂಪಾದಕೀಯಗಳಲ್ಲಿ ವಿರೋಧಿಸಿದರು. ಕೆಲವು ಓದುಗರು ಚಂದಾ ನಿಲ್ಲಿಸಿದರು.

ನನಗೆ ಸಂಪಾದಕೀಯಕ್ಕಿಂತ ಅವರ ಇನ್ನೊಂದು ಕೆಲಸ ದೊಡ್ಡದು ಅನ್ನಿಸುತ್ತದೆ. ಶಿಬಿರಕ್ಕೆ ಹೋದ ದ್ವೀಪದ ಹುಡುಗ ಹುಡುಗಿಯರಲ್ಲೇ ಕೆಲವರನ್ನು ಅವರು ವರದಿಗಾರರಾಗಿ ನೇಮಿಸಿಕೊಂಡರು, ದುಡ್ಡೂ ಕೊಟ್ಟರು. ಅವರು ಮ್ಯಾಂಜನಾರ್‌ನಿಂದ ಪ್ರತಿ ವಾರ ಸುದ್ದಿ ಕಳಿಸುತ್ತಿದ್ದರು. ಯಾರ ಮನೆಯಲ್ಲಿ ಮಗು ಹುಟ್ಟಿತು, ಯಾರ ಮದುವೆಯಾಯಿತು, ಯಾರು ತೀರಿಕೊಂಡರು, ಬೇಸ್‌ಬಾಲ್ ಆಟದಲ್ಲಿ ಯಾರು ಗೆದ್ದರು. ಊರಿನ ಬೇರೆ ಸುದ್ದಿಗಳ ಜೊತೆಗೆ ಇವೂ ಅಚ್ಚಾಗುತ್ತಿದ್ದವು. ನೀವು ಅಂಚೆಯಲ್ಲಿದ್ದವರು, ನಿಮಗೆ ಇದರ ಬೆಲೆ ಬೇಗ ಗೊತ್ತಾಗುತ್ತದೆ. ದೂರ ಹೋದವರ ಕಾಗದ ವಾರವಾರ ಬರುತ್ತಿದ್ದರೆ ಅವರು ಊರಿನವರಾಗಿಯೇ ಉಳಿಯುತ್ತಾರೆ. 'ಇವ್ಯಾಕ್ಯುಯಿ' ಅನ್ನುವ ಗುಂಪಿನ ಪದಕ್ಕೆ ವುಡ್‌ವರ್ಡ್ ದಂಪತಿ ಒಬ್ಬೊಬ್ಬರ ಹೆಸರನ್ನು ಎದುರು ನಿಲ್ಲಿಸಿದರು. ಯುದ್ಧ ಮುಗಿದ ಮೇಲೆ ಆ ದ್ವೀಪಕ್ಕೆ ಬಹಳ ಕುಟುಂಬಗಳು ಮರಳಿ ಬಂದವು.

ಈಗ ಆ ಹಡಗುಕಟ್ಟೆಯ ಜಾಗದಲ್ಲಿ ಒಂದು ಸ್ಮಾರಕ ಇದೆ. ಅದರ ಹೆಸರಿನಲ್ಲಿ 'ಇವ್ಯಾಕ್ಯುವೇಷನ್' ಇಲ್ಲ. 'ಎಕ್ಸ್‌ಕ್ಲೂಷನ್' ಇದೆ, ಹೊರಗಿಟ್ಟದ್ದು ಅಂತ.

ಪ್ರಶ್ನೆ: ಕೋರ್ಟು ಈ ಪದಗಳನ್ನು ಒಪ್ಪಿತೇ? ಈಗ ಅಲ್ಲಿಯ ಪತ್ರಿಕೆಗಳು ಏನೆಂದು ಬರೆಯುತ್ತವೆ?
— ಕಾನೂನು ವಿದ್ಯಾರ್ಥಿ, ಧಾರವಾಡ

ಉತ್ತರ: ಫ್ರೆಡ್ ಕೊರೆಮಾಟ್ಸು ಎಂಬ ಯುವಕ ಮನೆ ಬಿಟ್ಟು ಹೋಗಲು ಒಪ್ಪದೆ ಸಿಕ್ಕಿಬಿದ್ದ. ಅವನ ಮೊಕದ್ದಮೆ ಸುಪ್ರೀಂ ಕೋರ್ಟಿಗೆ ಹೋಗಿ, 1944ರ ಡಿಸೆಂಬರ್ 18ರಂದು 6-3ರಲ್ಲಿ ಸರ್ಕಾರದ ಪರ ತೀರ್ಪಾಯಿತು. ಬಹುಮತದ ತೀರ್ಪು ಈ ಶಿಬಿರಗಳನ್ನು ಕಾನ್ಸಂಟ್ರೇಷನ್ ಕ್ಯಾಂಪ್ ಎಂದು ಕರೆಯುವುದು ಸರಿಯಲ್ಲ ಎಂದಿತು. ಭಿನ್ನಮತ ಬರೆದ ನ್ಯಾಯಮೂರ್ತಿ ಓವೆನ್ ರಾಬರ್ಟ್ಸ್ ಮಾತ್ರ ಪದಗಳನ್ನೇ ಹಿಡಿದು ಜಗ್ಗಿದರು. ಅಸೆಂಬ್ಲಿ ಸೆಂಟರ್ ಅನ್ನುವುದು ಜೈಲಿಗೆ ಇಟ್ಟ ನಯವಾದ ಹೆಸರು, ರಿಲೊಕೇಷನ್ ಸೆಂಟರ್ ಅನ್ನುವುದು ಕಾನ್ಸಂಟ್ರೇಷನ್ ಕ್ಯಾಂಪಿಗೆ ಇಟ್ಟ ನಯವಾದ ಹೆಸರು ಎಂದರು. ಕಾನೂನು ಓದುವವರು ಆ ಭಿನ್ನಮತವನ್ನು ಪೂರ್ತಿ ಓದಬೇಕು. ನಮ್ಮಲ್ಲಿ ಕಾನ್ಸಂಟ್ರೇಷನ್ ಕ್ಯಾಂಪ್ ಅಂದರೆ ಹಿಟ್ಲರನ ಕೊಲೆ ಶಿಬಿರಗಳೇ ನೆನಪಾಗುತ್ತವೆ. ಅಮೆರಿಕದವು ಕೊಲೆ ಶಿಬಿರಗಳಲ್ಲ. ಅದಕ್ಕೇ ನಾನು ಕನ್ನಡದಲ್ಲಿ 'ಬಂಧನ ಶಿಬಿರ' ಎಂದು ಬರೆಯುತ್ತೇನೆ.

ಅಪಾಯ ಇತ್ತೇ ಎಂದು ಕೇಳುವವರಿಗೆ ಒಂದು ಮಾತು. ಪರ್ಲ್ ಹಾರ್ಬರ್ ಇರುವುದು ಹವಾಯಿಯಲ್ಲಿ. ಅಲ್ಲಿಯ ಜನರಲ್ಲಿ ಮೂರರಲ್ಲೊಂದು ಪಾಲಿಗಿಂತ ಜಾಸ್ತಿ ಜಪಾನಿ ಮೂಲದವರು. ಬಾಂಬ್ ಬಿದ್ದ ಆ ಊರಿನಲ್ಲೇ ಹೀಗೆ ಎಲ್ಲರನ್ನೂ ಎಬ್ಬಿಸಲಿಲ್ಲ! 1983ರಲ್ಲಿ ಅಮೆರಿಕದ ಸರ್ಕಾರಿ ಆಯೋಗವೇ ಇದಕ್ಕೆ ಕಾರಣ ಜನಾಂಗ ದ್ವೇಷ, ಯುದ್ಧದ ಉನ್ಮಾದ ಮತ್ತು ರಾಜಕೀಯ ನಾಯಕತ್ವದ ಸೋಲು ಎಂದು ಬರೆಯಿತು. 1988ರ ಕಾನೂನಿನಲ್ಲಿ ಸರ್ಕಾರ ಕ್ಷಮೆ ಕೇಳಿ, ಬದುಕಿ ಉಳಿದವರಿಗೆ ತಲಾ 20,000 ಡಾಲರ್ ಕೊಟ್ಟಿತು.

ಪತ್ರಿಕೆಗಳ ಪದ ಬದಲಾಗಲು ಇನ್ನೂ ಜಾಸ್ತಿ ಸಮಯ ಹಿಡಿಯಿತು. ಯುದ್ಧದ ನಂತರ ಬಹಳ ಕಾಲ 'ಇಂಟರ್ನ್‌ಮೆಂಟ್' ಅನ್ನುವ ಪದ ನಡೆಯಿತು. ಅದು ಶತ್ರು ದೇಶದ ಪ್ರಜೆಗಳನ್ನು ಹಿಡಿದಿಡುವುದಕ್ಕೆ ಇರುವ ಕಾನೂನಿನ ಪದ. ಸ್ವಂತ ಪ್ರಜೆಗಳಿಗೆ ಅದು ಹೊಂದುವುದಿಲ್ಲ. 2023ರಲ್ಲಿ ಲಾಸ್ ಏಂಜಲೀಸ್ ಟೈಮ್ಸ್ ಇನ್ನು ಮೇಲೆ ಸಾಮಾನ್ಯವಾಗಿ ಆ ಪದ ಬಳಸುವುದಿಲ್ಲ, ಸೆರೆ ಎಂಬ ಅರ್ಥದ ಪದಗಳನ್ನೇ ಬಳಸುತ್ತೇವೆ ಎಂದು ಪ್ರಕಟಿಸಿತು. 1942ರಲ್ಲಿ ಈ ಕ್ರಮವನ್ನು ಬೆಂಬಲಿಸಿದ ಪತ್ರಿಕೆಗಳಲ್ಲಿ ಅದೂ ಒಂದು.

ಪ್ರಶ್ನೆ: ನಮ್ಮ ದೇಶದಲ್ಲಿ ಇಂಥದ್ದು ನಡೆದಿಲ್ಲ ಅಲ್ವಾ?
— ಗೃಹಿಣಿ, ವಿದ್ಯಾನಗರ, ಹುಬ್ಬಳ್ಳಿ

ಉತ್ತರ: ನಡೆದಿದೆ ತಂಗಿ. 1962ರಲ್ಲಿ ಚೀನಾದ ಜೊತೆ ಯುದ್ಧವಾದಾಗ, ಅಸ್ಸಾಂ, ಡಾರ್ಜಿಲಿಂಗ್, ಶಿಲ್ಲಾಂಗ್ ಕಡೆ ತಲೆಮಾರುಗಳಿಂದ ಬದುಕಿದ್ದ ಚೀನೀ ಮೂಲದ ಸುಮಾರು 3,000 ಜನರನ್ನು ಹಿಡಿದು ರೈಲಿನಲ್ಲಿ ರಾಜಸ್ಥಾನದ ದೇವಲಿ ಶಿಬಿರಕ್ಕೆ ಒಯ್ದರು. ಮಕ್ಕಳು ಮುದುಕರು ಎಲ್ಲ ಇದ್ದರು. ಕೆಲವರು ಅಲ್ಲಿ ವರ್ಷಗಟ್ಟಲೆ ಉಳಿದರು.

ಈ ಓದುಗರಲ್ಲಿ ಯಾರ ಮನೆಯ ಅಟ್ಟದ ಮೇಲಾದರೂ 1962ರ ನವೆಂಬರ್, ಡಿಸೆಂಬರ್ ತಿಂಗಳ ಕನ್ನಡ ಪತ್ರಿಕೆ ಇದ್ದರೆ, ಆ ಸುದ್ದಿ ಇರುವ ಪುಟದ ಫೋಟೊ ತೆಗೆದು ನಮ್ಮ ಆಫೀಸಿಗೆ ಕಳಿಸಿ. ನಾವು ಯಾವ ಪದ ಬಳಸಿದ್ದೆವು ಅಂತ ಮುಂದಿನ ಸಂಚಿಕೆಯಲ್ಲಿ ಒಟ್ಟಿಗೆ ಓದೋಣ.